ಕ್ಯಾನ್ಸರ್ ಚಿಕಿತ್ಸೆಯಲ್ಲಿ ಎರಡು ದಾರಿ ಎದುರಾದಾಗ: ಯಾವುದು ಬೇಕು, ಯಾವುದು ಬೇಡ?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಮಾತು: "ಏನೇನಿದೆಯೋ ಎಲ್ಲಾ ಮಾಡಿಸಿಬಿಡೋಣ, ಏನೂ ಬಾಕಿ ಉಳಿಸೋದು ಬೇಡ." ಈ ಮಾತು ಹುಟ್ಟೋದು ಪ್ರೀತಿಯಿಂದ. ಅದನ್ನು ಯಾರೂ ತಪ್ಪು ಅನ್ನುವಂತಿಲ್ಲ. ಆದರೆ ಕ್ಯಾನ್ಸರ್‌ಗೆ ಮಾಡಿಸುವ ಒಂದೊಂದು ಪರೀಕ್ಷೆಯೂ, ಒಂದೊಂದು ಚಿಕಿತ್ಸೆಯೂ ರೋಗಿಯಿಂದ ಏನಾದರೂ ಕಿತ್ತುಕೊಂಡೇ ಹೋಗುತ್ತದೆ. ಒಂದು ಇಡೀ ದಿನ, ಒಂದಿಷ್ಟು ಶಕ್ತಿ, ನಿದ್ದೆ, ಬೆರಳ ತುದಿಯ ಸ್ಪರ್ಶ, ಕೂಡಿಟ್ಟ ದುಡ್ಡು. ಅದಕ್ಕೆ ಪ್ರತಿಯಾಗಿ ಆಯಸ್ಸೋ ನೆಮ್ಮದಿಯೋ ಸಿಗುತ್ತದೆ ಅಂದರೆ ಕೊಡಬೇಕಾದ್ದೇ. ಏನೂ ಸಿಗದಿದ್ದರೆ ಅದು ಬರೀ ನಷ್ಟ.

ಇಂಥ ನಷ್ಟದ ಪದ್ಧತಿಗಳು ಯಾವುವು ಅಂತ ವೈದ್ಯರೇ ಪಟ್ಟಿ ಮಾಡಿದ್ದಾರೆ. ಅಮೆರಿಕದಲ್ಲಿ 2012ರಲ್ಲಿ 'ಚೂಸಿಂಗ್ ವೈಸ್ಲಿ' ಎಂಬ ಅಭಿಯಾನ ಶುರುವಾಯಿತು. ಒಂದೊಂದು ವಿಭಾಗದ ವೈದ್ಯರ ಸಂಘವೂ ತನ್ನದೇ ಕೆಲಸದಲ್ಲಿ ಅನಗತ್ಯವಾದದ್ದು ಯಾವುದು ಅಂತ ತಾನೇ ಹೇಳಬೇಕು ಎನ್ನುವುದು ಅದರ ಉದ್ದೇಶವಾಗಿತ್ತು. 2014ರಲ್ಲಿ ಕೆನಡಾ ಇದನ್ನು ಕೈಗೆತ್ತಿಕೊಂಡಿತು. ಭಾರತದ ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ತಜ್ಞರು ಕ್ಯಾನ್ಸರ್ ಆರೈಕೆಯಲ್ಲಿ ಬಿಡಬೇಕಾದ ಹತ್ತು ಪದ್ಧತಿಗಳ ಪಟ್ಟಿಯನ್ನು 2019ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ಆದರೆ ರೋಗಿಯ ಮುಂದೆ ಬಂದು ನಿಲ್ಲೋದು ಪಟ್ಟಿಯಲ್ಲ. 'ಇದಾ, ಅದಾ' ಅನ್ನುವ ಪ್ರಶ್ನೆ. ಅದೂ ಡಾಕ್ಟರ ಕೋಣೆಯಲ್ಲಿ, ಹತ್ತು ನಿಮಿಷದೊಳಗೆ, ತಲೆ ಓಡದ ಹೊತ್ತಿನಲ್ಲಿ. ಹಾಗಾಗಿ ಸಾಮಾನ್ಯವಾಗಿ ಎದುರಾಗುವ ಕೆಲವು ಆಯ್ಕೆಗಳನ್ನು ಇಲ್ಲಿ ಜೋಡಿಜೋಡಿಯಾಗಿ ಇಟ್ಟು ನೋಡಿದ್ದೇನೆ. ನಿಮ್ಮ ಮನೆಯ ರೋಗಿಗೆ ಯಾವುದು ಸರಿ ಅನ್ನೋದನ್ನು ಅವರನ್ನು ನೋಡುತ್ತಿರುವ ವೈದ್ಯರ ಜೊತೆ ಕೂತೇ ತೀರ್ಮಾನಿಸಬೇಕು. ಅಲ್ಲಿ ಏನು ಕೇಳಬೇಕು ಅನ್ನೋದಕ್ಕೆ ಇದು ಸಹಾಯವಾಗಲಿ.

ಮೊದಲು ಕೇಳಬೇಕಾದ್ದು

ಎರಡು ಚಿಕಿತ್ಸೆ ಹೋಲಿಸುವ ಮುಂಚೆ ಗುರಿ ಯಾವುದು ಅಂತ ಕೇಳಿ. ಪೂರ್ತಿ ಗುಣ ಮಾಡೋದಾ? ಆಯಸ್ಸು ಹೆಚ್ಚಿಸೋದಾ? ನೋವು, ಉಸಿರುಗಟ್ಟುವಿಕೆ ಕಡಿಮೆ ಮಾಡೋದಾ? 'ಗಡ್ಡೆ ಸಣ್ಣದಾಗುತ್ತೆ' ಅನ್ನುವ ಉತ್ತರಕ್ಕೆ ಸುಮ್ಮನಾಗಬೇಡಿ. ಗಡ್ಡೆ ಸಣ್ಣದಾದರೂ ಆಯಸ್ಸು ಹೆಚ್ಚದೆ ಇರಬಹುದು, ಸುಸ್ತು ಇನ್ನೂ ಜಾಸ್ತಿಯಾಗಬಹುದು. ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣೋದು ಬೇರೆ, ಮನುಷ್ಯ ಚೆನ್ನಾಗಿರೋದು ಬೇರೆ.

ಎರಡನೆಯದು ಲೆಕ್ಕದ ವಿಷಯ. 'ಮರುಕಳಿಸುವ ಅಪಾಯ ಅರ್ಧಕ್ಕೆ ಇಳಿಯುತ್ತೆ' ಅಂದರೆ ಕೇಳಲು ಬಹಳ ದೊಡ್ಡದು. ನೂರು ಜನರಲ್ಲಿ 40 ಜನಕ್ಕೆ ಮರುಕಳಿಸುತ್ತಿದ್ದದ್ದು 20ಕ್ಕೆ ಇಳಿದರೂ ಅರ್ಧ, 2 ಇದ್ದದ್ದು 1ಕ್ಕೆ ಇಳಿದರೂ ಅರ್ಧ. ಎರಡೂ ಒಂದೇ ಅಲ್ಲ. ಆದ್ದರಿಂದ 'ನನ್ನಂಥ ನೂರು ಜನರಲ್ಲಿ ಇದರಿಂದ ಎಷ್ಟು ಜನಕ್ಕೆ ಉಪಯೋಗ, ಎಷ್ಟು ಜನಕ್ಕೆ ತೊಂದರೆ?' ಅಂತ ಕೇಳಿ. ಬಹಳಷ್ಟು ವೈದ್ಯರು ಈ ಪ್ರಶ್ನೆಗೆ ಖುಷಿಯಿಂದಲೇ ಉತ್ತರ ಕೊಡುತ್ತಾರೆ.

ಮೂಳೆ ನೋವಿಗೆ ರೇಡಿಯೇಷನ್: ಒಂದೇ ಸಲವಾ, ಹತ್ತು ಸಲವಾ?

ಕ್ಯಾನ್ಸರ್ ಮೂಳೆಗೆ ಹರಡಿದಾಗ ಬರುವ ನೋವು ಸಾಮಾನ್ಯದ್ದಲ್ಲ. ಮಗ್ಗುಲು ಬದಲಿಸಿದರೂ ಜೀವ ಹೋದಂತಾಗುತ್ತದೆ. ಇದಕ್ಕೆ ರೇಡಿಯೇಷನ್, ಅಂದರೆ ಜನ 'ಕರೆಂಟ್ ಕೊಡೋದು' ಅನ್ನುವ ಚಿಕಿತ್ಸೆ, ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಕೊಡಲು ಎರಡು ರೀತಿಯಿದೆ. ಒಂದೇ ದಿನ 8 ಗ್ರೇ ಕೊಟ್ಟು ಮುಗಿಸಬಹುದು. ಇಲ್ಲವೇ 30 ಗ್ರೇಯನ್ನು ಹತ್ತು ದಿನಕ್ಕೆ ಹಂಚಿ ಕೊಡಬಹುದು. ಗ್ರೇ ಅನ್ನುವುದು ವಿಕಿರಣದ ಅಳತೆ.

ಕೇಳಿದ ತಕ್ಷಣ ಹತ್ತು ದಿನದ್ದೇ ಗಟ್ಟಿ ಚಿಕಿತ್ಸೆ ಅನ್ನಿಸುತ್ತದೆ ಅಲ್ವಾ? ಸ್ತನ ಅಥವಾ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಮೂಳೆಗೆ ಹರಡಿ ನೋವು ಪಡುತ್ತಿದ್ದ ಸುಮಾರು 900 ಜನರ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಮೂರು ತಿಂಗಳಾದ ಮೇಲೆ ನೋಡಿದರೆ ನೋವು ಇಳಿದವರ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ, ಶೇ. 66ರ ಹತ್ತಿರ. ತಕ್ಷಣದ ಅಡ್ಡಪರಿಣಾಮ ಒಂದು ದಿನದ ಗುಂಪಿನಲ್ಲೇ ಕಡಿಮೆ: ಶೇ. 10, ಇನ್ನೊಂದರಲ್ಲಿ ಶೇ. 17. ಹತ್ತು ದಿನದ ಚಿಕಿತ್ಸೆಗೆ ಒಂದು ಮೇಲುಗೈ ಇತ್ತು. ಅದೇ ಜಾಗಕ್ಕೆ ಮತ್ತೆ ರೇಡಿಯೇಷನ್ ಬೇಕಾದವರು ಅದರಲ್ಲಿ ಶೇ. 9, ಒಂದು ದಿನದ್ದರಲ್ಲಿ ಶೇ. 18.

ಈಗ ರೋಗಿಯ ಜಾಗದಲ್ಲಿ ನಿಂತು ನೋಡಿ. ಸೊಂಟದ ಮೂಳೆ ನೋಯುತ್ತಿರುವ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಬೇಕು. ಗಾಡಿ ಹತ್ತಿಸಬೇಕು. ಇಳಿಸಿ ವೀಲ್‌ಚೇರಿನಲ್ಲಿ ಕೂರಿಸಬೇಕು. ಹೆಸರು ಕೂಗುವವರೆಗೆ ಕಾಯಬೇಕು. ರೇಡಿಯೇಷನ್ ಯಂತ್ರದ ಮೇಜು ಗಟ್ಟಿ. ಮಲಗಿದವರು ಅಲುಗಾಡಬಾರದು ಅಂತ ಮೆತ್ತನೆಯ ಹಾಸಿಗೆ ಹಾಕಿರುವುದಿಲ್ಲ. ಇಬ್ಬರು ಮೂವರು ಸೇರಿ ಎತ್ತಿ ಮಲಗಿಸುತ್ತಾರೆ. ಗುರುತಿಗೆ ಸರಿಯಾಗಿ ಮೈಯನ್ನು ಅತ್ತಿತ್ತ ಸರಿಸುತ್ತಾರೆ. ಯಂತ್ರ ಓಡೋದು ಕೆಲವೇ ನಿಮಿಷ. ಆಮೇಲೆ ಮತ್ತೆ ಎತ್ತಿ, ಕೂರಿಸಿ, ಗಾಡಿ ಹತ್ತಿಸಿ, ಮನೆಗೆ. ಇದು ಒಂದು ಸಲವಾ, ಹತ್ತು ಸಲವಾ ಅನ್ನುವುದೇ ಇಲ್ಲಿರುವ ಪ್ರಶ್ನೆ. ಕೆಲವೇ ತಿಂಗಳ ಆಯಸ್ಸು ಉಳಿದಿರಬಹುದಾದವರಿಗೆ ಆ ಎರಡು ವಾರ ಸಣ್ಣ ಮಾತಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ತೊಡಕಿಲ್ಲದ ಮೂಳೆ ನೋವಿಗೆ ಮೊದಲು ಒಂದು ದಿನದ ಚಿಕಿತ್ಸೆಯನ್ನೇ ಕೇಳಿ. ಮತ್ತೆ ನೋವು ಬಂದರೆ ಮತ್ತೊಂದು ಸಲ ಕೊಡಿಸುವ ಅವಕಾಶ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಬೆನ್ನುಹುರಿ ಒತ್ತಿಹೋಗುತ್ತಿದ್ದರೆ, ಮೂಳೆ ಮುರಿಯುವ ಹಂತದಲ್ಲಿದ್ದರೆ, ಅಲ್ಲಿ ಆಪರೇಷನ್ ಆಗಿದ್ದರೆ ಲೆಕ್ಕ ಬೇರೆ. ಕಾಲಿಗೆ ಇದ್ದಕ್ಕಿದ್ದಂತೆ ಬಲ ಇಲ್ಲದಾದರೆ, ಮೂತ್ರ ಕಟ್ಟಿಕೊಂಡರೆ ಯಾವ ಹೋಲಿಕೆಗೂ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸ್ತನ ಕ್ಯಾನ್ಸರ್: ಪೂರ್ತಿ ತೆಗೆಸೋದಾ, ಗಂಟು ಮಾತ್ರವಾ?

'ಪೂರ್ತಿ ತೆಗೆದುಬಿಟ್ಟರೆ ಭಯವೇ ಇರಲ್ಲ' ಅನ್ನುವ ನಂಬಿಕೆ ತುಂಬಾ ಹಳೆಯದು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯುವ ಆಪರೇಷನ್ನನ್ನು ರೂಢಿಗೆ ತಂದರು. ಹಲವು ದಶಕ ಅದೇ ನಡೆಯಿತು. ಕೈ ಎತ್ತಲಾಗದೆ, ತೋಳು ಊದಿಕೊಂಡು ಬದುಕಿದ ಹೆಂಗಸರಿಗೆ ಲೆಕ್ಕವಿಲ್ಲ.

ಅಷ್ಟೆಲ್ಲ ಬೇಕೇ ಅಂತ ಪ್ರಶ್ನಿಸಿದವರಲ್ಲಿ ಅಮೆರಿಕದ ಬರ್ನಾರ್ಡ್ ಫಿಶರ್ ಮತ್ತು ಇಟಲಿಯ ಉಂಬರ್ಟೊ ವೆರೊನೆಸಿ ಮುಖ್ಯರು. ಇಬ್ಬರ ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲಿ ಹೊರಬಂತು. ಫಿಶರ್ ತಂಡದ ಅಧ್ಯಯನದಲ್ಲಿ 1,851 ಹೆಂಗಸರಿದ್ದರು. ಇಡೀ ಸ್ತನ ತೆಗೆಸಿಕೊಂಡವರು, ಗಂಟು ಮಾತ್ರ ತೆಗೆಸಿಕೊಂಡವರು, ಗಂಟು ತೆಗೆಸಿ ರೇಡಿಯೇಷನ್ ಪಡೆದವರು ಅಂತ ಮೂರು ಗುಂಪು. 20 ವರ್ಷದ ನಂತರ ಬದುಕಿದ್ದವರ ಪ್ರಮಾಣ ಮೂರರಲ್ಲೂ ಹೆಚ್ಚುಕಡಿಮೆ ಒಂದೇ.

ಇಲ್ಲೇ ಇನ್ನೊಂದು ಅಂಕಿಯನ್ನೂ ಗಮನಿಸಿ. ಗಂಟು ಮಾತ್ರ ತೆಗೆಸಿ ರೇಡಿಯೇಷನ್ ಪಡೆಯದವರಲ್ಲಿ ಅದೇ ಸ್ತನದಲ್ಲಿ ಕ್ಯಾನ್ಸರ್ ಮತ್ತೆ ಬಂದದ್ದು ಶೇ. 39 ಜನಕ್ಕೆ. ಪಡೆದವರಲ್ಲಿ ಶೇ. 14. ಅಂದರೆ ಆಪರೇಷನ್ ಚಿಕ್ಕದು ಮಾಡಬಹುದು, ಆದರೆ ಸಾಮಾನ್ಯವಾಗಿ ರೇಡಿಯೇಷನ್ ಬಿಡೋ ಹಾಗಿಲ್ಲ. ಕಡಿಮೆ ಮಾಡೋದು ಅಂದರೆ ಸಿಕ್ಕಿದ್ದನ್ನೆಲ್ಲ ಕೈಬಿಡೋದಲ್ಲ.

ಆ ಕಾಲದ ರೇಡಿಯೇಷನ್ 25 ದಿನದ್ದು. ಬ್ರಿಟನ್ ಮತ್ತು ಕೆನಡಾದ ಅಧ್ಯಯನಗಳು 15–16 ದಿನ ಸಾಕು ಅಂತ ತೋರಿಸಿದವು. 2020ರಲ್ಲಿ ಬಂದ ಬ್ರಿಟನ್ನಿನ 'ಫಾಸ್ಟ್-ಫಾರ್ವರ್ಡ್' ಅಧ್ಯಯನ 4,000ಕ್ಕೂ ಹೆಚ್ಚು ಜನರಲ್ಲಿ ಒಂದೇ ವಾರದ, 5 ಸಲದ ಚಿಕಿತ್ಸೆಯನ್ನು 15 ಸಲದ್ದರ ಜೊತೆ ಹೋಲಿಸಿತು. ಐದು ವರ್ಷದ ಲೆಕ್ಕದಲ್ಲಿ ಕ್ಯಾನ್ಸರ್ ತಡೆಯುವುದರಲ್ಲಿ ಅದು ಹಿಂದೆ ಬೀಳಲಿಲ್ಲ. ಈಗಲೂ ಯಾರಾದರೂ 25 ದಿನ ಅಂದರೆ 'ನನಗೆ ಕಡಿಮೆ ದಿನದ್ದು ಯಾಕೆ ಆಗಲ್ಲ?' ಅಂತ ಧಾರಾಳವಾಗಿ ಕೇಳಿ. ಕಾರಣ ಇರಬಹುದು. ಇದ್ದರೆ ಹೇಳುತ್ತಾರೆ.

70 ದಾಟಿದವರಿಗೆ ನಿಜವಾದ ಆಯ್ಕೆಯೊಂದು ಎದುರಾಗುತ್ತದೆ. ಗಂಟು ಚಿಕ್ಕದು, ಹಾರ್ಮೋನ್‌ಗೆ ಸ್ಪಂದಿಸುವ ಜಾತಿಯದು, ಹಾರ್ಮೋನ್ ಮಾತ್ರೆಯನ್ನು ತಪ್ಪದೆ ತಗೋತಾರೆ ಅಂದುಕೊಳ್ಳಿ. ಇಂಥವರ ಮೇಲೆ ನಡೆದ ಅಧ್ಯಯನದಲ್ಲಿ ರೇಡಿಯೇಷನ್ ಬಿಟ್ಟರೂ ಹತ್ತು ವರ್ಷದಲ್ಲಿ ಆಯಸ್ಸಿಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ನೂರಕ್ಕೆ 2 ಇದ್ದದ್ದು 10ಕ್ಕೆ ಏರಿತು. ಆ ಎಂಟು ಜನರ ವ್ಯತ್ಯಾಸ ದೊಡ್ಡದಾ, ಸಣ್ಣದಾ? ಇದಕ್ಕೆ ವೈದ್ಯರ ಬಳಿ ಉತ್ತರ ಇಲ್ಲ. ಆ ಅಮ್ಮನ ಬಳಿ ಇದೆ. ಮಕ್ಕಳು ಅವರ ಪರವಾಗಿ ಉತ್ತರ ಕೊಡುವ ಮೊದಲು ಅವರನ್ನೇ ಕೇಳಬೇಕು.

ಇನ್ನೊಂದು ವಿಷಯ: ಆರಂಭದ ಹಂತದ, ಯಾವ ಲಕ್ಷಣವೂ ಇಲ್ಲದ ಸ್ತನ ಕ್ಯಾನ್ಸರ್‌ಗೆ ಪೆಟ್ ಸಿಟಿ, ಬೋನ್ ಸ್ಕ್ಯಾನ್ (ಕ್ಯಾನ್ಸರ್ ಬೇರೆ ಕಡೆ ಹರಡಿದೆಯಾ ಅಂತ ನೋಡುವ ಸ್ಕ್ಯಾನ್‌ಗಳು) ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಈಗಲೇ ಚಿಕಿತ್ಸೆಯಾ, ಕಣ್ಣಿಟ್ಟು ಕಾಯೋದಾ?

ಮೈಯಲ್ಲಿ ಕ್ಯಾನ್ಸರ್ ಇದೆ ಅಂತ ಗೊತ್ತಿದ್ದೂ ಕಾಯೋದು ಅಂದರೆ ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ಆದರೆ ಕೆಲವು ಕ್ಯಾನ್ಸರ್‌ಗಳು ಬಹಳ ನಿಧಾನ. ಅವುಗಳ ವಿಷಯದಲ್ಲಿ ಕಾಯುವುದೂ ಒಂದು ಚಿಕಿತ್ಸೆಯೇ. ಕ್ರಮವಾಗಿ ರಕ್ತ ಪರೀಕ್ಷೆ, ಸ್ಕ್ಯಾನ್, ಬೇಕಾದರೆ ಮತ್ತೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸೋದು. ಗಂಟು ತನ್ನ ವರಸೆ ಬದಲಿಸಿದರೆ ಆಗ ಆಪರೇಷನ್ ಅಥವಾ ರೇಡಿಯೇಷನ್.

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬ್ರಿಟನ್ನಿನ 'ಪ್ರೊಟೆಕ್ಟ್' ಅಧ್ಯಯನ ಒಳ್ಳೆಯ ಉದಾಹರಣೆ. ಕ್ಯಾನ್ಸರ್ ಪ್ರಾಸ್ಟೇಟಿನೊಳಗೇ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದರು: ನಿಗಾ, ಆಪರೇಷನ್, ರೇಡಿಯೇಷನ್. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪಿನಲ್ಲಿ ನೂರಕ್ಕೆ ಮೂರರ ಆಸುಪಾಸು. ನಿಗಾ ಗುಂಪಿನಲ್ಲಿ ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ಶೇ. 9ರಷ್ಟು ಜನರಲ್ಲಿ, ಉಳಿದೆರಡರಲ್ಲಿ ಶೇ. 5ರ ಹತ್ತಿರ. ಅದನ್ನು ಮುಚ್ಚಿಡಬಾರದು. ಇನ್ನೊಂದು ಕಡೆ, ಮೂತ್ರ ಸೋರಿ ಪ್ಯಾಡ್ ಕಟ್ಟಿಕೊಳ್ಳಬೇಕಾದವರು 12ನೇ ವರ್ಷದಲ್ಲಿ ಆಪರೇಷನ್ ಗುಂಪಿನಲ್ಲಿ ಶೇ. 24, ನಿಗಾ ಗುಂಪಿನಲ್ಲಿ ಶೇ. 11. ನಿಗಾದಲ್ಲಿದ್ದವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ 15 ವರ್ಷದೊಳಗೆ ಒಂದಲ್ಲ ಒಂದು ಚಿಕಿತ್ಸೆ ಪಡೆದರು. ಆದರೂ ಆ ಮಧ್ಯದ ವರ್ಷಗಳು ಅವರ ಪಾಲಿಗೆ ಉಳಿದವು! ಅಪಾಯ ಕಡಿಮೆ ಇರುವ ಜಾತಿಯಾದರೆ ನಿಗಾ ಬಹಳ ಒಳ್ಳೆಯ ದಾರಿ ಅಂತಲೇ ನನ್ನ ಎಣಿಕೆ. ಜೋರಾಗಿ ಬೆಳೆಯುವ ಜಾತಿಗೆ ಈ ಮಾತು ಅನ್ವಯಿಸುವುದಿಲ್ಲ.

ಥೈರಾಯ್ಡ್ ಕಥೆ ಇನ್ನೂ ಯೋಚನೆಗೆ ಹಚ್ಚುವಂಥದ್ದು. ದಕ್ಷಿಣ ಕೊರಿಯಾದಲ್ಲಿ 1999ರಿಂದ ದೊಡ್ಡ ಮಟ್ಟದಲ್ಲಿ ಕ್ಯಾನ್ಸರ್ ತಪಾಸಣೆ ಶುರುವಾಯಿತು. ಅದರ ಜೊತೆಗೇ ಕತ್ತಿನ ಅಲ್ಟ್ರಾಸೌಂಡ್ ಮಾಡಿಸೋದೂ ರೂಢಿಯಾಯಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಹೆಚ್ಚಿತ್ತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಅಲ್ಲಾಡಲಿಲ್ಲ. ಅಂದರೆ ಪತ್ತೆಯಾದದ್ದರಲ್ಲಿ ಬಹುಪಾಲು ಯಾರಿಗೂ ಎಂದಿಗೂ ತೊಂದರೆ ಕೊಡದೆ ಇರುತ್ತಿದ್ದ ಗಂಟುಗಳು. ಸಿಕ್ಕ ಮೇಲೆ ಬಿಡೋದು ಹೇಗೆ? ಹೆಚ್ಚಿನವರು ಆಪರೇಷನ್ ಮಾಡಿಸಿಕೊಂಡರು. ಜೀವನಪೂರ್ತಿ ಮಾತ್ರೆ ಬಂತು. ಕೆಲವರಿಗೆ ಕ್ಯಾಲ್ಸಿಯಂ ತೊಂದರೆ, ಇನ್ನು ಕೆಲವರಿಗೆ ಧ್ವನಿಯೇ ಕೆಟ್ಟಿತು. 2014ರಲ್ಲಿ ಅಲ್ಲಿನ ವೈದ್ಯರ ಗುಂಪೊಂದು ಈ ತಪಾಸಣೆ ಬೇಡ ಅಂತ ಬಹಿರಂಗವಾಗಿ ಹೇಳಿತು. ಮರುವರ್ಷ ಥೈರಾಯ್ಡ್ ಆಪರೇಷನ್‌ಗಳು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದವು. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ ಒಂದು ಸೆಂಟಿಮೀಟರ್‌ವರೆಗಿನ, ಅಪಾಯ ಕಡಿಮೆ ಇರುವ ಇಂಥ ಗಂಟುಗಳನ್ನು 1993ರಿಂದಲೇ ಆಪರೇಷನ್ ಇಲ್ಲದೆ ಗಮನಿಸುತ್ತಾ ಬಂದಿದ್ದಾರೆ.

ಕಾಯುವ ದಾರಿ ಆರಿಸಿಕೊಳ್ಳುವವರು ಒಂದನ್ನು ಮರೆಯಬಾರದು. ಹೇಳಿದ ದಿನಕ್ಕೆ ಪರೀಕ್ಷೆಗೆ ಹೋಗಲೇಬೇಕು. ಹೋಗಲು ಆಗಲ್ಲ ಅಂತ ಮೊದಲೇ ಗೊತ್ತಿದ್ದರೆ ಈ ದಾರಿ ಬೇಡ. ಪ್ರತಿ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಷ್ಟು ಆತಂಕ ಪಡುವವರಿಗೂ ಇದು ಕಷ್ಟ.

ಕಿಮೋ ಆರು ತಿಂಗಳಾ, ಮೂರು ತಿಂಗಳಾ?

ಇದು ದೊಡ್ಡ ಕರುಳಿನ ಕ್ಯಾನ್ಸರ್‌ನ ಮೂರನೇ ಹಂತದವರಿಗೆ ಸಂಬಂಧಿಸಿದ್ದು. ಆಪರೇಷನ್ ಆದ ಮೇಲೆ ಆರು ತಿಂಗಳ ಕಿಮೋ ಕೊಡುವುದು ಹಳೆಯ ಪದ್ಧತಿ. ಅದರಲ್ಲಿ ಆಕ್ಸಾಲಿಪ್ಲಾಟಿನ್ ಎಂಬ ಔಷಧ ನರಗಳಿಗೆ ಪೆಟ್ಟು ಕೊಡುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ಬರುವುದಿಲ್ಲ. ತಣ್ಣೀರು ಮುಟ್ಟಿದರೆ ಚುಚ್ಚಿದ ಹಾಗಾಗುತ್ತದೆ. ಪಾದ ಮರಗಟ್ಟಿ, ಕಾಲಿನಿಂದ ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ. ಕೆಲವರಿಗೆ ಇದು ವರ್ಷಗಟ್ಟಲೆ ಉಳಿಯುತ್ತದೆ.

ಆರು ಅಧ್ಯಯನಗಳನ್ನು ಸೇರಿಸಿ 12,834 ರೋಗಿಗಳ ಲೆಕ್ಕ ಹಾಕಿದ 'ಐಡಿಯಾ' ವಿಶ್ಲೇಷಣೆ 2018ರಲ್ಲಿ ಬಂತು. ಆಕ್ಸಾಲಿಪ್ಲಾಟಿನ್ ಅನ್ನು ಇನ್ನೊಂದು ಔಷಧದ ಜೊತೆ ಜೋಡಿಸಿ ಕೊಡುತ್ತಾರೆ. ಅಂಥ ಒಂದು ಜೋಡಿಯಲ್ಲಿ, ಸ್ವಲ್ಪ ಜೋರಾದ ನರದ ತೊಂದರೆ ಆರು ತಿಂಗಳಲ್ಲಿ ಶೇ. 48 ಜನಕ್ಕೆ ಬಂದರೆ ಮೂರು ತಿಂಗಳಲ್ಲಿ ಶೇ. 17 ಜನಕ್ಕೆ. ರೋಗ ಮರಳದಂತೆ ತಡೆಯುವುದರಲ್ಲಿ, ಅಪಾಯ ಕಡಿಮೆ ಇದ್ದವರಿಗೆ ಕೇಪ್‌ಸೈಟಾಬಿನ್ ಮಾತ್ರೆ ಇರುವ ಜೋಡಿಯಾದರೆ ಮೂರು ತಿಂಗಳು ಆರಕ್ಕೆ ಸಮನಾಗಿ ನಿಂತಿತು. ಅಪಾಯ ಹೆಚ್ಚಿದ್ದವರಿಗೆ, ಅದರಲ್ಲೂ ಇನ್ನೊಂದು ಜೋಡಿ ಪಡೆದವರಿಗೆ, ಆರು ತಿಂಗಳಿಂದ ಸ್ವಲ್ಪ ಲಾಭ ಇತ್ತು. ಹಾಗಾಗಿ ಇಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮದು ಯಾವ ಗುಂಪು, ಯಾವ ಜೋಡಿ ಅಂತ ಕೇಳಿ ತಿಳಿದುಕೊಳ್ಳಿ.

ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಮೂಳೆ ಗಟ್ಟಿಯಾಗಿರಲಿ ಅಂತ ಕೊಡುವ ಜೋಲೆಡ್ರೋನಿಕ್ ಆಸಿಡ್ ಡ್ರಿಪ್ ಕೂಡ ಹೀಗೇ. ನಾಲ್ಕು ವಾರಕ್ಕೊಮ್ಮೆ ಬದಲು 12 ವಾರಕ್ಕೊಮ್ಮೆ ಕೊಟ್ಟರೂ ಮೂಳೆ ಮುರಿತದಂಥ ತೊಂದರೆ ಹೆಚ್ಚಾಗಲಿಲ್ಲ ಅಂತ 2017ರಲ್ಲಿ ಪ್ರಕಟವಾದ 1,822 ಜನರ ಅಧ್ಯಯನ ತೋರಿಸಿದೆ.

ಚಿಕಿತ್ಸೆ ಮುಗಿದ ಮೇಲೆ: ಪದೇಪದೇ ಸ್ಕ್ಯಾನಾ, ಕ್ರಮವಾದ ತಪಾಸಣೆ ಸಾಕಾ?

ಚಿಕಿತ್ಸೆ ಮುಗಿದ ಮೇಲೂ ಭಯ ಮುಗಿಯುವುದಿಲ್ಲ. ಒಂದು ಸ್ಕ್ಯಾನ್ ಮಾಡಿಸಿ ಎಲ್ಲಾ ಸರಿ ಇದೆ ಅನ್ನಿಸಿಕೊಂಡರೆ ನೆಮ್ಮದಿ ಅಂತ ಆಸೆ. ಆದರೆ ರಿಪೋರ್ಟಿನಲ್ಲಿ ಬರೋದು ಬಹಳ ಸಲ ಹೀಗೆ: 'ಬಲ ಶ್ವಾಸಕೋಶದಲ್ಲಿ 4 ಮಿ.ಮೀ. ಚುಕ್ಕೆ, ಸ್ವರೂಪ ಖಚಿತವಿಲ್ಲ, ಮೂರು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿ ನೋಡುವುದು.' ಹಳೇ ಸೋಂಕಿನ ಕಲೆಯೋ ಏನೋ. ಆದರೆ ಆ ಮೂರು ತಿಂಗಳು ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯುವುದಿಲ್ಲ.

ಲಾಭ ಇದ್ದಿದ್ದರೆ ಅದನ್ನೂ ತಡೆದುಕೊಳ್ಳಬಹುದಿತ್ತು. ಇಟಲಿಯಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 1,320 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೋನ್ ಸ್ಕ್ಯಾನ್, ಎಕ್ಸ್‌ರೇ, ಲಿವರ್ ಸ್ಕ್ಯಾನ್, ರಕ್ತ ಪರೀಕ್ಷೆ ತಪ್ಪದೆ. ಇನ್ನೊಂದು ಗುಂಪಿಗೆ ವೈದ್ಯರ ತಪಾಸಣೆ, ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ), ಲಕ್ಷಣ ಕಂಡರೆ ಮಾತ್ರ ಬೇರೆ ಪರೀಕ್ಷೆ. 1994ರಲ್ಲಿ ಬಂದ ಫಲಿತಾಂಶದಲ್ಲಿ ಆಯಸ್ಸಿಗೂ, ಬದುಕಿನ ಗುಣಮಟ್ಟಕ್ಕೂ ವ್ಯತ್ಯಾಸ ಇರಲಿಲ್ಲ.

ಅಂಡಾಶಯದ ಕ್ಯಾನ್ಸರ್‌ನಲ್ಲಿ ರೋಗ ಮರಳುತ್ತಿರುವ ಸುಳಿವು ಕೊಡುವ ಸಿಎ-125 ಅನ್ನುವ ರಕ್ತ ಪರೀಕ್ಷೆ ಎಷ್ಟೋ ಹೆಂಗಸರ ದಿನಚರಿಯನ್ನೇ ಆಳುತ್ತದೆ. 2010ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಅಂಕಿ ಏರಿದ ಕೂಡಲೇ ಕಿಮೋ ಶುರು ಮಾಡಿದವರನ್ನು, ಲಕ್ಷಣ ಕಾಣುವವರೆಗೆ ಕಾದವರ ಜೊತೆ ಹೋಲಿಸಿದರು. ಮೊದಲ ಗುಂಪಿಗೆ ಕಿಮೋ ಸುಮಾರು ಐದು ತಿಂಗಳು ಮುಂಚೆಯೇ ಶುರುವಾಯಿತು. ಆಯಸ್ಸು ಮಾತ್ರ ಹೆಚ್ಚಲಿಲ್ಲ. ಚೆನ್ನಾಗಿದ್ದ ಐದು ತಿಂಗಳು ಕಿಮೋಗೆ ಹೋಯಿತು ಅಷ್ಟೇ. ಆಮೇಲೆ ಹೊಸ ಔಷಧಗಳು ಬಂದಿವೆ, ಆಯ್ದ ಕೆಲವರಿಗೆ ಎರಡನೇ ಆಪರೇಷನ್ ಕೂಡ ಉಪಯೋಗ ಆಗುತ್ತದೆ. ಆದ್ದರಿಂದ 'ಅಂಕಿ ಏರಿದರೆ ನೀವು ಏನು ಮಾಡುತ್ತೀರಿ?' ಅಂತ ಪರೀಕ್ಷೆ ಮಾಡಿಸುವ ಮೊದಲೇ ಕೇಳಿ. ಫಲಿತಾಂಶ ಏನೇ ಬಂದರೂ ಮುಂದಿನ ಹೆಜ್ಜೆ ಬದಲಾಗುವುದಿಲ್ಲ ಅನ್ನುವುದಾದರೆ ಆ ಪರೀಕ್ಷೆ ಯಾಕೆ?

ಎಲ್ಲ ಕ್ಯಾನ್ಸರ್‌ಗೂ ಈ ಮಾತು ಹೊಂದುವುದಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದರೂ ಬೇಗ ಸಿಕ್ಕರೆ ಆಪರೇಷನ್ ಮಾಡಿ ಗುಣಪಡಿಸಲು ಕೆಲವರಲ್ಲಿ ಸಾಧ್ಯ. ಹಾಗಾಗಿ ಅಲ್ಲಿ ಮೊದಲ ಕೆಲವು ವರ್ಷ ಅಂಥದ್ದೇ ಸುಳಿವು ಕೊಡುವ ಸಿಇಎ ಎಂಬ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್‌ಗೆ ಅರ್ಥವಿದೆ.

ಇನ್ನೊಂದು ಕಿಮೋನಾ, ಪ್ಯಾಲಿಯೇಟಿವ್ ಆರೈಕೆಯಾ?

ಇದೇ ಎಲ್ಲಕ್ಕಿಂತ ಕಷ್ಟದ ಆಯ್ಕೆ. ಮೊದಲ ಕಿಮೋ ಕೆಲಸ ಮಾಡಿಲ್ಲ, ಎರಡನೆಯದೂ ನಿಂತುಹೋಗಿದೆ. ರೋಗಿ ದಿನದ ಬಹುಪಾಲು ಹಾಸಿಗೆಯಲ್ಲೇ ಇದ್ದಾರೆ. 'ಇನ್ನೊಂದು ಔಷಧ ಇದೆ, ಪ್ರಯತ್ನ ಮಾಡಬಹುದು' ಅಂತ ವೈದ್ಯರು ಹೇಳುತ್ತಾರೆ. ಬೇಡ ಅಂದರೆ ಕೈಬಿಟ್ಟ ಹಾಗೆ ಆಗುತ್ತದೇನೋ ಅಂತ ಮನೆಯವರಿಗೆ ಸಂಕಟ.

ವೈದ್ಯರು ರೋಗಿಯ ಓಡಾಟದ ಶಕ್ತಿಯನ್ನು 0ಯಿಂದ 4ರವರೆಗೆ ಅಳೆಯುತ್ತಾರೆ. 0 ಅಂದರೆ ಮೊದಲಿನಂತೆ ಓಡಾಡುವವರು. 3 ಅಂದರೆ ಎಚ್ಚರವಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಕಾಲ ಹಾಸಿಗೆ ಅಥವಾ ಕುರ್ಚಿಯಲ್ಲೇ ಇರುವವರು. 4 ಅಂದರೆ ಪೂರ್ತಿ ಹಾಸಿಗೆ ಹಿಡಿದವರು. ಗಡ್ಡೆಯ ರೂಪದ ಕ್ಯಾನ್ಸರ್ ಇದ್ದು, 3 ಅಥವಾ 4ರಲ್ಲಿದ್ದು, ಹಿಂದಿನ ಚಿಕಿತ್ಸೆಗಳು ಫಲ ಕೊಟ್ಟಿಲ್ಲವಾದರೆ ಮತ್ತೆ ಕಿಮೋ ಕೊಡಬೇಡಿ ಅಂತ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೇ 2012ರ ತನ್ನ ಪಟ್ಟಿಯಲ್ಲಿ ಹೇಳಿತು. ಅಂಥ ದೇಹದಲ್ಲಿ ಔಷಧದ ವಿಷವೇ ಮೇಲಾಗುತ್ತದೆ. ಇದಕ್ಕೂ ಹೊರತಾದವು ಇವೆ. ಲಿಂಫೋಮಾ (ಲಿಂಫ್ ಗ್ರಂಥಿಗಳ ಕ್ಯಾನ್ಸರ್), ಸ್ಮಾಲ್ ಸೆಲ್ ಎಂಬ ವೇಗವಾಗಿ ಬೆಳೆಯುವ ಬಗೆಯ ಶ್ವಾಸಕೋಶದ ಕ್ಯಾನ್ಸರ್, ಇಜಿಎಫ್‌ಆರ್‌ನಂಥ ಜೀನ್ ಬದಲಾವಣೆಗೆ ಸರಿಯಾದ ಮಾತ್ರೆ ಇರುವ ಕ್ಯಾನ್ಸರ್. ಇವುಗಳಲ್ಲಿ ಹಾಸಿಗೆ ಹಿಡಿದವರೂ ಎದ್ದು ಓಡಾಡಿದ್ದುಂಟು. ನಮ್ಮದು ಅಂಥದ್ದಾ ಅಂತ ಕೇಳಲೇಬೇಕು.

ಪ್ಯಾಲಿಯೇಟಿವ್ ಆರೈಕೆ ಅಂದರೆ 'ಇನ್ನೇನೂ ಇಲ್ಲ, ಮನೆಗೆ ಕರಕೊಂಡು ಹೋಗಿ' ಅನ್ನುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ನಿಜ ಅಲ್ಲ. ನೋವಿಗೆ ಸರಿಯಾದ ಪ್ರಮಾಣದಲ್ಲಿ ಮಾರ್ಫಿನ್, ಉಸಿರಾಟದ ಕಷ್ಟಕ್ಕೆ, ವಾಕರಿಕೆಗೆ, ಮಲಬದ್ಧತೆಗೆ ಔಷಧ, ಹುಣ್ಣಿನ ಆರೈಕೆ, ಮನಸ್ಸಿಗೆ ಮಾತು, ಮನೆಯವರಿಗೆ ಆಸರೆ. ಎಲ್ಲವೂ ದಿನದಿನದ ಕೆಲಸ. ಬಾಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ 151 ಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಶುರುವಿನಿಂದಲೇ ಮಾಮೂಲಿ ಚಿಕಿತ್ಸೆಯ ಜೊತೆಗೆ ಪ್ಯಾಲಿಯೇಟಿವ್ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು. ಕೊನೆಗಾಲದಲ್ಲಿ ಜೋರಾದ ಚಿಕಿತ್ಸೆ ಪಡೆದದ್ದೂ ಅವರಲ್ಲೇ ಕಡಿಮೆ. ಆದರೂ ಬದುಕಿದ್ದು ಹೆಚ್ಚು: ಮಧ್ಯಮ ಲೆಕ್ಕದಲ್ಲಿ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಅರ್ಧದಷ್ಟು ಜನ ಕಡಿಮೆ) 11.6 ತಿಂಗಳು, ಇನ್ನೊಂದು ಗುಂಪಿನವರು 8.9 ತಿಂಗಳು. ಅಂದರೆ 'ಕಿಮೋನಾ, ಪ್ಯಾಲಿಯೇಟಿವ್ ಆರೈಕೆಯಾ' ಅನ್ನುವ ಪ್ರಶ್ನೆಯೇ ತಡವಾಗಿ ಬಂದದ್ದು. ಹರಡಿದ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದಲೇ ಎರಡೂ ಜೊತೆಯಾಗಿ ನಡೆಯಬೇಕು. ಹಾಗಾದರೆ ಕಿಮೋ ನಿಲ್ಲಿಸುವ ದಿನ ಬಂದಾಗ ರೋಗಿ ಒಂಟಿಯಾಗುವುದಿಲ್ಲ. ಅವರನ್ನು ಬಲ್ಲ ತಂಡ ಆಗಲೇ ಪಕ್ಕದಲ್ಲಿರುತ್ತದೆ.

ಮಿದುಳಿಗೆ ಹರಡಿದಾಗಲೂ ಇಂಥದ್ದೇ ತಿರುವು. ನಾನ್ ಸ್ಮಾಲ್ ಸೆಲ್ ಎಂಬ ಹೆಚ್ಚು ಸಾಮಾನ್ಯವಾದ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿ, ಆಪರೇಷನ್ನಿಗೂ ನಿರ್ದಿಷ್ಟ ಜಾಗಕ್ಕಷ್ಟೇ ಕೊಡುವ ರೇಡಿಯೇಷನ್‌ಗೂ ಹೊಂದದ 538 ಜನರ ಮೇಲೆ 'ಕ್ವಾರ್ಟ್ಸ್' ಅಧ್ಯಯನ ನಡೆಯಿತು. ಮಧ್ಯಮ ಲೆಕ್ಕದಲ್ಲಿ, ಇಡೀ ಮಿದುಳಿಗೆ ರೇಡಿಯೇಷನ್ ಪಡೆದವರು 9.2 ವಾರ, ಸ್ಟೀರಾಯ್ಡ್ ಮತ್ತು ಆರೈಕೆ ಮಾತ್ರ ಪಡೆದವರು 8.5 ವಾರ ಬದುಕಿದರು. ಬದುಕಿನ ಗುಣಮಟ್ಟವೂ ಹೆಚ್ಚುಕಡಿಮೆ ಒಂದೇ. ಉಳಿದ ಒಂಬತ್ತು ವಾರದಲ್ಲಿ ಆಸ್ಪತ್ರೆಗೆ ಎಷ್ಟು ದಿನ ಕೊಡಬೇಕು? ಈ ಅಂಕಿ ನೋಡಿದ ಮೇಲೆ ನಾನಂತೂ ಮನೆಯ ಪರ.

ಎಲ್ಲಿ ಕಡಿಮೆ ಮಾಡಲೇಬಾರದು

ಇಷ್ಟೆಲ್ಲ ಓದಿ 'ಹಾಗಾದರೆ ಚಿಕಿತ್ಸೆಯೇ ಬೇಡ' ಅಂದುಕೊಂಡರೆ ಅದು ಇನ್ನೂ ದೊಡ್ಡ ಅಪಾಯ. ಗುಣವಾಗಬಹುದಾದ ಕ್ಯಾನ್ಸರ್‌ಗೆ ಮಾಮೂಲಿ ಚಿಕಿತ್ಸೆ ಬಿಟ್ಟು ಬರೀ ಬದಲಿ ಪದ್ಧತಿಯ ಔಷಧ (ಆಲ್ಟರ್ನೇಟಿವ್ ಮೆಡಿಸಿನ್) ನೆಚ್ಚಿಕೊಂಡವರಲ್ಲಿ ಸಾವಿನ ಅಪಾಯ 2.5 ಪಟ್ಟು ಹೆಚ್ಚಿತ್ತು ಅಂತ 2018ರ ಅಮೆರಿಕದ ಅಧ್ಯಯನ ಹೇಳುತ್ತದೆ. ಸ್ತನ ಕ್ಯಾನ್ಸರ್ ಒಂದನ್ನೇ ತೆಗೆದುಕೊಂಡರೆ ಐದು ಪಟ್ಟಿಗೂ ಮಿಗಿಲು.

ಬಯಾಪ್ಸಿ ಇಲ್ಲದೆ, ರೋಗ ಯಾವ ಹಂತದಲ್ಲಿದೆ ಅಂತ ನೋಡದೆ ಚಿಕಿತ್ಸೆ ಶುರು ಮಾಡಬಾರದು. 'ಸೂಜಿ ಚುಚ್ಚಿದರೆ ಹರಡುತ್ತೆ' ಅನ್ನುವ ಭಯಕ್ಕೆ ಬಯಾಪ್ಸಿ ಬಿಡುವವರಿದ್ದಾರೆ. ಬಹುತೇಕ ಕ್ಯಾನ್ಸರ್‌ಗಳಲ್ಲಿ ಅದಕ್ಕೆ ಆಧಾರವಿಲ್ಲ. ಶಸ್ತ್ರವೈದ್ಯರು, ಕಿಮೋ ವೈದ್ಯರು, ರೇಡಿಯೇಷನ್ ವೈದ್ಯರು ಒಟ್ಟಿಗೆ ಕೂತು ತೀರ್ಮಾನಿಸುವ ವ್ಯವಸ್ಥೆ ಇರುವಲ್ಲಿ ಅದನ್ನು ಕೇಳಿ ಪಡೆಯಿರಿ. ಒಬ್ಬರೇ ನಿರ್ಧರಿಸಿದಾಗ ಅವರಿಗೆ ಗೊತ್ತಿರುವ ಚಿಕಿತ್ಸೆಯ ಕಡೆಗೇ ತಕ್ಕಡಿ ವಾಲುವುದು ಸಹಜ.

ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲು ಹೊರಟರೆ ಬರೀ ಸ್ಕ್ಯಾನಿನ ರಿಪೋರ್ಟ್ ಒಯ್ಯಬೇಡಿ. ಸ್ಕ್ಯಾನಿನ ಚಿತ್ರಗಳಿರುವ ಸಿಡಿ, ಬಯಾಪ್ಸಿ ರಿಪೋರ್ಟ್, ಅದರ ಗಾಜಿನ ಸ್ಲೈಡುಗಳು, ಗಂಟಿನ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಇವನ್ನು ಲ್ಯಾಬಿನಿಂದ ಕೇಳಿ ತಗೊಳ್ಳಿ. ಇಲ್ಲಿಯವರೆಗೆ ಯಾವ ಔಷಧ, ಎಷ್ಟು ಸಲ, ಯಾವ ತಾರೀಖಿನಂದು ಕೊಟ್ಟಿದ್ದಾರೆ ಅನ್ನುವ ಚೀಟಿಗಳನ್ನು ಕ್ರಮವಾಗಿ ಜೋಡಿಸಿಟ್ಟುಕೊಳ್ಳಿ. ಸ್ಲೈಡುಗಳು ಜೊತೆಯಲ್ಲಿದ್ದರೆ ಮತ್ತೆ ಬಯಾಪ್ಸಿ ಮಾಡಿಸಬೇಕಾದ ಸಂದರ್ಭ ಎಷ್ಟೋ ಸಲ ತಪ್ಪುತ್ತದೆ.